ಬಿಪಿ ಮಶೀನು ಚೆನ್ನಾಗಿದೆ, ತೋಳಿನ ಪಟ್ಟಿ ನೋಡಿ ತಗೊಳ್ಳಿ

ತಂಗಿಗೆ ಏಳನೇ ತಿಂಗಳು. ಚೆಕಪ್ಪಿನಲ್ಲಿ ಬಿಪಿ ಸ್ವಲ್ಪ ಜಾಸ್ತಿ ಬಂತು, ಮನೆಯಲ್ಲೂ ಬೆಳಿಗ್ಗೆ ಸಂಜೆ ನೋಡಿ ಬರೆದಿಡಿ ಅಂದರು ಡಾಕ್ಟರು. ಅದಕ್ಕೆ ಮುಂಬೈನ ಪ್ರಿನ್ಸೆಸ್ ಸ್ಟ್ರೀಟಿನ ಸರ್ಜಿಕಲ್ ಅಂಗಡಿಯೊಂದರಿಂದ ಡಿಜಿಟಲ್ ಮಶೀನು ಡೊಂಬಿವ್ಲಿಗೆ ತಂದೆವು. ಮಣಿಕಟ್ಟಿಗೆ ಕಟ್ಟುವುದೇ ಒಯ್ಯಿರಿ ಅಂತ ಅಂಗಡಿಯವರು ಬೆನ್ನುಬಿದ್ದಿದ್ದರು. ಕೈ ಎದೆಯ ಮಟ್ಟಕ್ಕಿಂತ ಮೇಲೆ ಕೆಳಗಾದರೆ ಅದರ ಲೆಕ್ಕ ತಪ್ಪುತ್ತದೆ. ತೋಳಿನದೇ ಸರಿ.

ಅಂಕಿ ದೊಡ್ಡದು, ಹಳೆ ರೀಡಿಂಗ್ ತಾರೀಖಿನ ಸಮೇತ ಉಳಿಯುತ್ತದೆ. ನನ್ನ ದೊಡ್ಡ ತಕರಾರು ತೋಳಿಗೆ ಸುತ್ತುವ ಪಟ್ಟಿಯದು. ಡಬ್ಬಿಯಲ್ಲಿ ಬಂದದ್ದು 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ, ತಂಗಿಯ ತೋಳು ಅದಕ್ಕಿಂತ ದಪ್ಪ, ಗಾಳಿ ತುಂಬುತ್ತಿದ್ದಂತೆ ವೆಲ್ಕ್ರೋ ಚರ್ರನೆ ಬಿಟ್ಟುಕೊಳ್ಳುತ್ತಿತ್ತು, ಹೇಗೋ ಕಚ್ಚಿಕೊಂಡರೆ 140ರ ಮೇಲೆ! ಪಟ್ಟಿ ಚಿಕ್ಕದಾದರೆ ಇಲ್ಲದ ಬಿಪಿ ತೋರಿಸುತ್ತದೆ. ದೊಡ್ಡ ಪಟ್ಟಿಗೆ ಬೇರೆ ದುಡ್ಡು ಕಿತ್ತರು. ಅದು ಬಂದ ಮೇಲೆ ಕ್ಲಿನಿಕ್ಕಿನ ಅಂಕಿಗೂ ಇದಕ್ಕೂ ತಾಳೆಯಾಯಿತು. ಟೇಪ್ ಹಿಡಿದು ತೋಳು ಅಳೆದುಕೊಂಡೇ ಅಂಗಡಿಗೆ ಹೋಗಿ.

ಇನ್ನೊಂದು ಕಾಟ, ಅದು ಮಾತಾಡುತ್ತದೆ. ಹಿಂದಿಯಲ್ಲಿ ಅಂಕಿಯನ್ನು ಕೂಗಿ ಹೇಳುತ್ತದೆ, ಪಕ್ಕದ ಫ್ಲ್ಯಾಟಿನ ಕಾಕೂ ಬಾಗಿಲಲ್ಲೇ 'ಆಜ್ ಕಿತಿ ಆಲಂ?' (ಇವತ್ತು ಎಷ್ಟು ಬಂತು?) ಅಂತ ಮರಾಠಿಯಲ್ಲಿ ಕೇಳುತ್ತಾರೆ. ಧ್ವನಿ ಬಂದ್ ಮಾಡುವ ಗುಂಡಿ ಹಿಂಭಾಗದಲ್ಲಿದೆ.

ಯಾವ ಮಶೀನಾದರೂ ಒಮ್ಮೆ ಕ್ಲಿನಿಕ್ಕಿಗೆ ಒಯ್ದು ಅಲ್ಲಿನದರ ಜೊತೆ ಹೋಲಿಸಿ. ಪ್ರೀಎಕ್ಲಾಂಪ್ಸಿಯಾ (ಗರ್ಭಿಣಿಯರಿಗೆ ಬಿಪಿ ಏರಿ ಬರುವ ಅಪಾಯದ ಕಾಯಿಲೆ) ಇದ್ದಾಗ ಕೆಲವು ಡಿಜಿಟಲ್ ಮಶೀನು ಕಡಿಮೆ ತೋರಿಸುತ್ತವೆ. ಗರ್ಭಿಣಿಯರ ಮೇಲೆ ಪರೀಕ್ಷಿಸಿ ಪಾಸಾದ ಮಾಡೆಲ್‌ಗಳ ಪಟ್ಟಿ ಸ್ಟ್ರೈಡ್ ಬಿಪಿ ವೆಬ್‌ಸೈಟಿನಲ್ಲಿದೆ, ಕೊಳ್ಳುವ ಮುಂಚೆ ನೋಡಿ. ಐದು ನಿಮಿಷ ಬೆನ್ನು ಆನಿಸಿ ಸುಮ್ನೆ ಕೂತು, ಕಾಲು ನೆಲಕ್ಕೂರಿ, ಮಾತಾಡದೆ ನೋಡಬೇಕು. ನಮ್ಮ ಮನೆಯಲ್ಲಿ ಮಾತಾಡದೆ ಇರಿಸುವುದೇ ಕಷ್ಟ, 'ಅಕ್ಕಾ, ಎಷ್ಟು ಬಂತು?' ಅಂತ ನಡುವೆಯೇ ಶುರು.

140/90 ಮುಟ್ಟಿದರೆ ಡಾಕ್ಟರಿಗೆ ಫೋನು, 160/110 ಆದರೆ ನೇರ ಆಸ್ಪತ್ರೆ. ಬಿಡದ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು ಇದ್ದರೆ ಮಶೀನು ಏನೇ ಹೇಳಲಿ, ಹೊರಡಿ.

ನಾಲ್ಕು ಸ್ಟಾರ್. ಹೆರಿಗೆಯಾದ ಮೇಲೆ ಮಾರಿಬಿಡೋಣ ಅಂತಿದ್ದಾಳೆ ತಂಗಿ. ಬೇಡ ಅಂದಿದ್ದೇನೆ. ಹೆರಿಗೆಯ ನಂತರದ ಮೊದಲ ವಾರದಲ್ಲೂ ಬಿಪಿ ಏರಬಹುದು, ಬಾಣಂತನ ಮುಗಿಯುವವರೆಗಾದರೂ ಇರಲಿ.