ಹಳೇ ಸಿಎನ್‌ಸಿ ಲೇತ್ ಕೊಳ್ಳುವವರೇ, ಪ್ಯಾರಾಮೀಟರ್ 1851 ನೋಡದೆ ಅಡ್ವಾನ್ಸ್ ಕೊಡಬೇಡಿ

ಪೀಣ್ಯದ ಕಡೆ ಸೆಕೆಂಡ್ ಹ್ಯಾಂಡ್ ಸಿಎನ್‌ಸಿ ಲೇತ್ (ಕಂಪ್ಯೂಟರ್ ಹೇಳಿದಂತೆ ಲೋಹ ತಿರುಗಿಸಿ ಕಡಿಯೋ ಮೆಷಿನ್) ನೋಡೋಕೆ ಹೊರಟಿದ್ದೀರಾ? ಮನೆ ಹಿಂದಿನ ಶೆಡ್ಡಿಗೆ, ಹವ್ಯಾಸಕ್ಕೆ ಅಂತ? ಇದನ್ನು ಓದಿಕೊಂಡು ಹೋಗಿ. ನನಗೆ ಅಂಥದ್ದೊಂದು ಮಾರಿ ಟೋಪಿ ಹಾಕಿದ ಡೀಲರ್ ಹೆಸರು ಹಾಕಲ್ಲ, ಹಾಕಿದರೆ ಅದೊಂದು ಬೇರೆ ರಗಳೆ. ಆದರೆ ಅವರ ಡೆಮೊ ಹೇಗಿತ್ತು ಅನ್ನೋದನ್ನ ಬಿಡಿಸಿ ಹೇಳ್ತೀನಿ. ನಾಳೆ ನಿಮ್ಮ ಮುಂದೆಯೂ ಇದೇ ಆಟ ನಡೆಯುತ್ತೆ. 1851 ಅಂದ್ರೆ ಕಂಟ್ರೋಲ್ ಒಳಗಿನ ಒಂದು ಸೆಟ್ಟಿಂಗ್, ಸವೆದ ಸ್ಕ್ರೂವಿನ ಸಡಿಲವನ್ನ ಸರಿದೂಗಿಸೋ ಅಂಕಿ ಇರೋದು ಅಲ್ಲಿ.

ಮೆಷಿನ್ ಚಿಕ್ಕದು. ಎಂಟು ಟೂಲ್ ಹಿಡಿಯೋ ಟರೆಟ್, ರಾಡ್ ಹಿಡಿದು ತಿರುಗಿಸೋ ಹೈಡ್ರಾಲಿಕ್ ಚಕ್, ಫಾನುಕ್ ಕಂಪನಿಯ 0ಐ ಮೇಟ್ ಕಂಟ್ರೋಲ್ (ಮೆಷಿನ್ ನಡೆಸೋ ಕಂಪ್ಯೂಟರ್), ಮೇಲೆ ಹೊಸ ಪೇಂಟ್. ಪೇಂಟ್ ಬಿಡಿ, ಎಲ್ಲರೂ ಹೊಡೀತಾರೆ. ಇಎನ್8 ಉಕ್ಕಿನ ರಾಡ್ ಹಿಡಿದು 25 ಮಿಮೀ ಇದ್ದದ್ದನ್ನ 20ಕ್ಕೆ ಇಳಿಸಿ, ಮೈಕ್ರೋಮೀಟರ್ ಕೈಗೆ ಕೊಟ್ಟರು. 19.99. ಇನ್ನೊಂದು ಪೀಸ್, 20.00. "ಇನ್ನೇನು ಬೇಕು ಸರ್?"

ಏನು ಬೇಕು ಅಂದ್ರೆ, ನೇರ ಟರ್ನಿಂಗ್‌ನಲ್ಲಿ ಎಕ್ಸ್ (ಟೂಲ್ ಅಡ್ಡಕ್ಕೆ ಓಡೋ ಆಕ್ಸಿಸ್) ಯಾವಾಗಲೂ ಹೊರಗಿಂದ ಒಳಕ್ಕೆ ಬರುತ್ತೆ, ಝಡ್ (ರಾಡ್ ಉದ್ದಕ್ಕೆ ಓಡೋ ಆಕ್ಸಿಸ್) ಬಲದಿಂದ ಚಕ್ ಕಡೆಗೆ ಹೋಗುತ್ತೆ. ಕಟ್ಟಿಂಗ್ ನಡುವೆ ಯಾವ ಆಕ್ಸಿಸ್ಸೂ ದಿಕ್ಕು ಬದಲಿಸಲ್ಲ. ಬಾಲ್‌ಸ್ಕ್ರೂನಲ್ಲಿ (ಟೂಲ್ ಹೊತ್ತ ಕ್ಯಾರೇಜನ್ನ ಒಂದು ನಟ್ಟಿನ ಮೂಲಕ ಓಡಿಸೋ ಸ್ಕ್ರೂ) ಎಷ್ಟೇ ಪ್ಲೇ, ಅಂದ್ರೆ ಸಡಿಲ, ಇರಲಿ, ಸೈಜ್ ಬಂದೇ ಬರುತ್ತೆ. ಅದು ಗೊತ್ತಿದ್ದೇ ನಾನು ಡಯಲ್ (ಅಲುಗಾಟ ಅಳೆಯೋ ಮುಳ್ಳಿನ ಗೇಜ್) ಕೇಳಿದ್ದು. ತಕ್ಷಣ ಅವರೇ ಮ್ಯಾಗ್ನೆಟಿಕ್ ಸ್ಟ್ಯಾಂಡ್ ತಂದು, ಚಕ್ ಹತ್ತಿರ ಡಯಲ್ ಹಚ್ಚಿ, ಹ್ಯಾಂಡ್‌ವೀಲ್ ಹಿಂದೆ ಮುಂದೆ ತಿರುಗಿಸಿ ತೋರಿಸಿದರು. ಮುಳ್ಳು 0.01 ಬಿಟ್ಟು ಅಲುಗಲಿಲ್ಲ. ಅಲ್ಲೇ ಟೋಪಿ ಬಿದ್ದದ್ದು. ಡಯಲ್ ಸುಳ್ಳು ಹೇಳಲ್ಲ ಅನ್ನೋ ನಂಬಿಕೆಯನ್ನೇ ಆ ಮನುಷ್ಯ ಬಳಸಿಕೊಂಡ.

ಮೆಷಿನ್ ಇಳಿಸಿ, ಲೆವೆಲ್ ಮಾಡಿ, ಅದೇ ಡಯಲನ್ನ ಬಲತುದಿಯಲ್ಲಿ ಹಚ್ಚಿದಾಗ ಬಣ್ಣ ಬಯಲಾಯ್ತು. ಹ್ಯಾಂಡ್‌ವೀಲ್ ×10ರಲ್ಲಿಟ್ಟು ದಿಕ್ಕು ಬದಲಿಸಿ ಒಂದೇ ಒಂದು ಕ್ಲಿಕ್. 0.01 ಹೋಗಬೇಕಾದ ಮುಳ್ಳು 0.15 ಜಿಗೀತು. ಪ್ಲೇ ಇದ್ದರೆ ಮುಳ್ಳು ಸುಮ್ಮನೆ ನಿಲ್ಲಬೇಕು, ಇದು ಹಾರುತ್ತಿತ್ತು! ಪ್ಯಾರಾಮೀಟರ್ 1851 ತೆಗೆದು ನೋಡಿದರೆ ಝಡ್‌ಗೆ 160 ಹೊಡೆದಿಟ್ಟಿದ್ದಾರೆ. ಒಂದು ಯೂನಿಟ್ ಅಂದ್ರೆ 1 ಮೈಕ್ರಾನ್, ಅಂದ್ರೆ ದಿಕ್ಕು ಬದಲಾದಾಗ ಪ್ಲೇ ತುಂಬೋಕೆ ಕಂಟ್ರೋಲ್ ತಾನೇ ಸೇರಿಸೋ 0.16 ಮಿಮೀ ಬ್ಯಾಕ್‌ಲ್ಯಾಶ್ ಕಂಪನ್ಸೇಶನ್. ಸ್ಕ್ರೂ ಸವೆಯೋದು ಜಾಸ್ತಿ ಕೆಲಸ ನಡೆಯೋ ಜಾಗದಲ್ಲಿ, ಅಂದ್ರೆ ಚಕ್ ಹತ್ತಿರ. ಅಲ್ಲಿ 0.16 ತಿಂದಿದೆ, ಬಲತುದಿಯಲ್ಲಿ 0.02 ಇರಬಹುದು ಅಷ್ಟೆ. ಆ ಪ್ಯಾರಾಮೀಟರ್‌ಗೆ ಆಕ್ಸಿಸ್ಸಿಗೊಂದೇ ಅಂಕಿ. ಚಕ್ ಹತ್ತಿರ ಸರಿಯಾಗುವಂತೆ ಹಾಕಿದರೆ ಬಲಗಡೆ ಅಷ್ಟೂ ಹೆಚ್ಚಾಗಿ ಓಡುತ್ತೆ. ಅವರು ಡಯಲ್ ಹಚ್ಚಿದ್ದು ಎಲ್ಲಿ? ಚಕ್ ಹತ್ತಿರ, ಅಲ್ಲೇ. ಬೇರೆಲ್ಲೂ ಅಲ್ಲ!

ಫೋನ್ ಮಾಡಿದಾಗ ಬಂದ ಉತ್ತರಗಳು ಇವು.

"ಸೆಕೆಂಡ್ ಹ್ಯಾಂಡ್ ಅಂದ್ಮೇಲೆ ಸ್ವಲ್ಪ ಇದ್ದೇ ಇರುತ್ತೆ ಸರ್."

"ನೀವೇ ಡಯಲ್ ನೋಡಿ ಓಕೆ ಅಂದಿದ್ದು."

"ಕಂಪನ್ಸೇಶನ್ ಎಲ್ಲರೂ ಹಾಕ್ತಾರೆ ಸರ್, ಅದಕ್ಕೇ ಅಲ್ವಾ ಕೊಟ್ಟಿರೋದು."

ಕೊನೆಗೆ ಇದು: "ನಿಮ್ಮದು ಹವ್ಯಾಸ ತಾನೇ ಸರ್, ಪ್ರೊಡಕ್ಷನ್ ಅಲ್ವಲ್ಲ, ನಡಿಯುತ್ತೆ ಬಿಡಿ." ಹವ್ಯಾಸದವರ ದುಡ್ಡೇನು ಬೀದೀಲಿ ಬಿದ್ದಿರುತ್ತಾ? ಕಂಪನ್ಸೇಶನ್ ಕೊಟ್ಟಿರೋದು ಕೆಲವೇ ಮೈಕ್ರಾನ್ ಸರಿಮಾಡೋಕೆ, ಸತ್ತ ನಟ್ಟನ್ನ ಜೀವಂತ ತೋರಿಸೋಕಲ್ಲ.

ಹಾಗಾಗಿ ಹೀಗೆ ಮಾಡಿ. ಸಿಸ್ಟಂ ಕೀ, ಪ್ಯಾರಾಮೀಟರ್ ಪೇಜ್, 1851 ಹೊಡೆದು ಸರ್ಚ್. ನೋಡೋಕೆ ಯಾರ ಅನುಮತಿಯೂ ಬೇಡ. ರ‍್ಯಾಪಿಡ್‌ಗೆ (ಕಡಿಯದೆ ವೇಗವಾಗಿ ಓಡೋದಕ್ಕೆ) ಬೇರೆ ಅಂಕಿ 1852ರಲ್ಲಿರುತ್ತೆ, ಅದನ್ನೂ ನೋಡಿ. ಎರಡೂ ಅಂಕಿ ಬರೆದಿಟ್ಟುಕೊಂಡು, ಎಮರ್ಜೆನ್ಸಿ ಒತ್ತಿ, ಪ್ಯಾರಾಮೀಟರ್ ರೈಟ್ (ಅಂಕಿ ಬದಲಿಸೋ ಅನುಮತಿ) ಆನ್ ಮಾಡಿ ಸೊನ್ನೆ ಹಾಕಿಸಿ (ಅಲಾರಂ 100 ಬರುತ್ತೆ, ಗಾಬರಿ ಬೇಡ). ಆಮೇಲೆ ಡಯಲ್ ಮೂರು ಕಡೆ: ಚಕ್ ಹತ್ತಿರ, ನಡುವೆ, ಬಲತುದಿ. ಮೂರೂ ಕಡೆ ಒಂದೇ ಬಂದರೆ ಮಾತಾಡಬಹುದು. "ಪ್ಯಾರಾಮೀಟರ್ ಮುಟ್ಟಬೇಡಿ ಸರ್" ಅಂದರೆ ಚಪ್ಪಲಿ ಹಾಕಿಕೊಂಡು ಹೊರಡಿ.

ಪ್ಲೇ ಕಂಡರೆ ಎಲ್ಲಿಂದ ಅಂತಲೂ ನೋಡಿ. ಸ್ಕ್ರೂ ತುದಿಯ ಸೆಂಟರ್ ತೂತಿಗೆ ಗ್ರೀಸ್ ಹಚ್ಚಿ ಒಂದು ಉಕ್ಕಿನ ಗುಂಡು ಕೂರಿಸಿ, ಅದರ ಮೇಲೆ ಡಯಲ್. ಸರ್ವೋ (ಆಕ್ಸಿಸ್ ಓಡಿಸೋ ಮೋಟರ್) ಆನ್ ಇರುವಾಗ ಮರದ ಸನ್ನೆ ಹಾಕಿ ಕ್ಯಾರೇಜ್ ದೂಡಿಸಿ. ಸ್ಕ್ರೂನೇ ಹಿಂದೆ ಮುಂದೆ ಅಲುಗಿದರೆ ಸಪೋರ್ಟ್ ಬೇರಿಂಗ್ ಹೋಗಿದೆ, ಅದನ್ನ ಬದಲಿಸಿಕೊಳ್ಳಬಹುದು. ಸ್ಕ್ರೂ ನಿಂತು ಕ್ಯಾರೇಜ್ ಮಾತ್ರ ಅಲುಗಿದರೆ ನಟ್ಟು-ಸ್ಕ್ರೂ ಸವೆದಿದೆ, ಅಲ್ಲಿಗೆ ಮುಗೀತು. ಇದರಲ್ಲಿ ಆಗಿದ್ದು ಅದೇ. ಕಾರಣವೂ ಆಮೇಲೆ ಸಿಕ್ತು: ಲೂಬ್ ಟ್ಯಾಂಕ್ ತುಂಬಾ ಫಳಫಳ ಎಣ್ಣೆ, ಆದರೆ ಝಡ್ ನಟ್ಟಿಗೆ ಹೋಗೋ ಪೈಪಿನ ತುದಿಯ, ಎಣ್ಣೆ ಅಳೆದು ಬಿಡೋ ಮೀಟರಿಂಗ್ ಫಿಟ್ಟಿಂಗ್ ಕಟ್ಟಿಕೊಂಡು ಒಣಗಿ ಕೂತಿದೆ. ಟ್ಯಾಂಕ್ ನೋಡಿ ಏನೂ ಪ್ರಯೋಜನ ಇಲ್ಲ, ಪೈಪ್ ಬಿಚ್ಚಿ ಪಂಪ್ ಒತ್ತಿಸಿ.

ಟ್ರಯಲ್‌ಗೆ ನೇರ ಪೀಸ್ ಒಪ್ಪಲೇಬೇಡಿ. ಚೆಂಡಿನ ಆಕಾರದ ಹಿಡಿ ಮಾಡಿಸಿ, ಅರ್ಧ ದಾಟಿ ಕೆಳಗೆ ಇಳಿಯುವ ಹಾಗೆ. ಅತಿ ದಪ್ಪದ ಜಾಗದಲ್ಲಿ ಎಕ್ಸ್ ದಿಕ್ಕು ಬದಲಿಸುತ್ತೆ, ಪ್ಲೇ ಇದ್ದರೆ ಅಲ್ಲಿ ಉಗುರಿಗೆ ಸಿಗೋ ಮೆಟ್ಟಿಲು ಬೀಳುತ್ತೆ. ಎಕ್ಸ್‌ನಲ್ಲಿ 0.05 ತಪ್ಪಿದರೆ ಡಯಾಮೀಟರ್‌ನಲ್ಲಿ 0.10 ಅನ್ನೋದು ನೆನಪಿರಲಿ.

ಇನ್ನು ಬ್ಯಾಟರಿ. ಸ್ಕ್ರೀನ್ ಕೆಳಗೆ ಬ್ಯಾಟ್ ಅಂತ ಮಿಣುಕುತ್ತಿತ್ತು, ಕೇಳಿದ್ದಕ್ಕೆ "ಚಿಲ್ಲರೆ ಕಾಸಿನ ಸಾಮಾನು ಸರ್" ಅಂದರು. ಆ 3 ವೋಲ್ಟ್ ಬ್ಯಾಟರಿ ಸತ್ತರೆ ಪ್ಯಾರಾಮೀಟರ್, ಪಿಚ್ ಎರರ್ ಡೇಟಾ (ಸ್ಕ್ರೂ ತಪ್ಪು ತಿದ್ದೋ ಅಂಕಿಗಳು), ಪ್ರೋಗ್ರಾಂ ಎಲ್ಲಾ ಹೋಗುತ್ತೆ. ಬದಲಿಸೋದು ಕಂಟ್ರೋಲ್ ಆನ್ ಇರುವಾಗಲೇ. ಸ್ಕ್ರೀನ್ ಕೆಳಗಿನ ಬಲತುದಿಯ ಎರಡು ಸಾಫ್ಟ್‌ಕೀ ಒತ್ತಿಹಿಡಿದು ಪವರ್ ಆನ್ ಮಾಡಿದರೆ ಬೂಟ್ ಮೆನು ಬರುತ್ತೆ, ಅಲ್ಲಿಂದ ಎಸ್‌ರ‍್ಯಾಮ್ (ಆ ಬ್ಯಾಟರಿ ಉಳಿಸಿಟ್ಟಿರೋ ಮೆಮೊರಿ) ಅಷ್ಟನ್ನೂ ಮೆಮೊರಿ ಕಾರ್ಡಿಗೆ ಇಳಿಸಿಕೊಳ್ಳಿ. ಡೀಲರ್ ಶೆಡ್ಡಲ್ಲೇ, ಲಾರಿಗೆ ಏರಿಸೋ ಮುಂಚೆ.

ಕೊನೇದು ಟ್ರಾನ್ಸ್‌ಫಾರ್ಮರ್. ಈ ಡ್ರೈವ್‌ಗೆ ಬೇಕಿರೋದು 200 ವೋಲ್ಟ್ ಮಟ್ಟದ ತ್ರೀ ಫೇಸ್, ನಮ್ಮ ಲೈನ್ 415. ನಡುವಿನ ಟ್ರಾನ್ಸ್‌ಫಾರ್ಮರ್ ಡೆಮೊ ದಿನ ಇತ್ತು, ಲಾರಿಯಲ್ಲಿ ಇರಲಿಲ್ಲ. "ಅದು ನಮ್ಮ ಶೆಡ್ಡಿಂದು ಸರ್, ಬೇಕಾದರೆ ಬೇರೆ ರೇಟು." ಮನೆ ಸಿಂಗಲ್ ಫೇಸ್ ಬಗ್ಗೆ ಕೇಳಿದ್ದಕ್ಕೆ "ಒಂದು ವಿಎಫ್‌ಡಿ ಹಾಕಿ ಓಡಿಸಿ" ಅಂತ ಸಲಹೆ ಬೇರೆ! ವಿಎಫ್‌ಡಿ ಅಂದ್ರೆ ಮೋಟರ್ ವೇಗ ಬದಲಿಸೋ ಪೆಟ್ಟಿಗೆ, ಇರೋದು ಮೋಟರ್ ಓಡಿಸೋಕೆ. ಅದರ ಔಟ್‌ಪುಟ್ಟನ್ನ ಸರ್ವೋ ಆಂಪ್ಲಿಫೈಯರ್‌ಗೆ ಕೊಟ್ಟರೆ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಟ್ರಾನ್ಸ್‌ಫಾರ್ಮರ್, ಚಕ್ ಜಾ, ಟೂಲ್ ಹೋಲ್ಡರ್, ಹೈಡ್ರಾಲಿಕ್ ಪವರ್ ಪ್ಯಾಕ್, ಎಲೆಕ್ಟ್ರಿಕಲ್ ಡ್ರಾಯಿಂಗ್, ಇಷ್ಟೂ ಬಿಲ್ಲಿನಲ್ಲಿ ಹೆಸರು ಹಿಡಿದು ಬರೆಸಿ. ನಮ್ಮ ಬಿಲ್ಲಿನಲ್ಲಿದ್ದದ್ದು ಒಂದೇ ಸಾಲು: "ಹಳೇ ಮೆಷಿನ್, ಇದ್ದ ಹಾಗೆ." ಈಗ ಏನು ಕೇಳಿದರೂ ಆ ಸಾಲಿನ ಫೋಟೋ ತೆಗೆದು ವಾಟ್ಸಾಪಿಗೆ ಕಳಿಸ್ತಾರೆ.