ವಿಯೆನ್ನಾದಲ್ಲಿ ಪಾಯಿಂಟ್ಸ್ ಕೊಟ್ಟು ರೂಮ್: ಅಕೋರ್, ಮ್ಯಾರಿಯಟ್, ಬ್ಯಾಂಕ್ ಪೋರ್ಟಲ್

ಯೂರೋಪಿಗೆ ಹೋಗಿ ಬಂದವರು ‘ಹೋಟೆಲ್ ಪೂರ್ತಿ ಫ್ರೀ’ ಅಂದಾಗ ನಾನು ಕೇಳುವುದು ಒಂದೇ ಪ್ರಶ್ನೆ. ಪಾಯಿಂಟ್ಸ್ (ಹೋಟೆಲಿನಲ್ಲಿ ಉಳಿದಾಗ, ಕಾರ್ಡ್ ಬಳಸಿದಾಗ ಸಿಗುವ ಅಂಕಗಳು) ಇಲ್ಲದಿದ್ದರೆ ಅದೇ ಹೋಟೆಲಿಗೆ ಕೈಯಿಂದ ದುಡ್ಡು ಕೊಟ್ಟು ಹೋಗ್ತಿದ್ರಾ? ಹೆಚ್ಚಿನವರು ನಗುತ್ತಾರೆ. ಹೋಗುತ್ತಿರಲಿಲ್ಲ. ನಾವೂ ಹೋಗುತ್ತಿರಲಿಲ್ಲ. ಆ ನಗುವಿನಲ್ಲೇ ಅರ್ಧ ಲೆಕ್ಕ ಮುಗಿಯುತ್ತದೆ.

ವಿಯೆನ್ನಾಗೆ ನಾನು, ನನ್ನ ಹೆಂಡತಿ, ಮಗಳು ಬೇರೆ ಬೇರೆ ವರ್ಷ ಹೋಗಿದ್ದೇವೆ. ಒಮ್ಮೆ ಅಕೋರ್ (ಐಬಿಸ್, ನೊವೊಟೆಲ್, ಸೋಫಿಟೆಲ್ ಹೋಟೆಲುಗಳ ಗುಂಪು) ಪಾಯಿಂಟ್ಸ್ ಕೊಟ್ಟು ನೊವೊಟೆಲ್ ವೀನ್ ಹೌಪ್ಟ್‌ಬಾನ್‌ಹೋಫ್‌ನಲ್ಲಿ ಇದ್ದೆವು. ಇನ್ನೊಮ್ಮೆ ಮ್ಯಾರಿಯಟ್ ಗುಂಪಿನ ಸದಸ್ಯತ್ವ ಯೋಜನೆಯಾದ ಬಾನ್ವಾಯ್ ಪಾಯಿಂಟ್ಸ್ ಕೊಟ್ಟು ಪಾರ್ಕ್‌ರಿಂಗ್‌ನ ವಿಯೆನ್ನಾ ಮ್ಯಾರಿಯಟ್‌ನಲ್ಲಿ. ಅವೆರಡಕ್ಕೂ ಮೊದಲು ಕಾರ್ಡ್ ಪಾಯಿಂಟ್ಸ್ ಕೊಟ್ಟು ಹೋಟೆಲ್ ಬುಕ್ ಮಾಡುವ ಒಂದು ಬ್ಯಾಂಕಿನ ಟ್ರಾವೆಲ್ ಪೋರ್ಟಲ್ ಮೂಲಕ ಬುಕ್ ಮಾಡಿದ್ದೂ ಉಂಟು.

ಅಕೋರ್ ಲೆಕ್ಕ ಮಗುವಿಗೂ ಅರ್ಥ ಆಗುತ್ತದೆ. 2,000 ಪಾಯಿಂಟ್ಸ್‌ಗೆ 40 ಯೂರೋ. ಬೇಸಿಗೆಯಿರಲಿ, ಚಳಿಗಾಲವಿರಲಿ, ಅಗ್ಗದ ಐಬಿಸ್ ಆಗಲಿ, ದುಬಾರಿ ಸೋಫಿಟೆಲ್ ಆಗಲಿ, ಅಷ್ಟೇ. ರೂಮ್ 160 ಯೂರೋ ಇದ್ದರೆ 8,000 ಪಾಯಿಂಟ್ಸ್. ‘ಅವಾರ್ಡ್ ರೂಮ್ (ಪಾಯಿಂಟ್ಸ್‌ಗೆ ಕೊಡುವ ರೂಮ್) ಸಿಗ್ತಾ ಇಲ್ಲ’ ಅನ್ನುವ ಗೋಳಿಲ್ಲ. ಅವರ ಆ್ಯಪ್‌ನಲ್ಲಿ ಮಾರಾಟಕ್ಕಿರುವ ರೂಮಿಗೆ ಪಾಯಿಂಟ್ಸ್ ಹಾಕಿ ದರ ಇಳಿಸಿಕೊಳ್ಳುವುದು. ಅರ್ಧ ಪಾಯಿಂಟ್ಸ್, ಅರ್ಧ ಕಾರ್ಡ್ ಅಂತಲೂ ಮಾಡಬಹುದು. ರೋಮಾಂಚನ ಏನೂ ಇಲ್ಲ, ಸುಮ್ನೆ ಡಿಸ್ಕೌಂಟ್ ಕೂಪನ್ ಇದ್ದ ಹಾಗೆ. ನನಗೆ ಇಷ್ಟವಾಗಿದ್ದೂ ಅದೇ.

ಮ್ಯಾರಿಯಟ್ ಹಾಗಲ್ಲ. ಯಾವ ಹೋಟೆಲಿಗೆ ಎಷ್ಟು ಪಾಯಿಂಟ್ಸ್ ಅನ್ನುವ ಹಳೆಯ ದರಪಟ್ಟಿಯನ್ನು ಅವರು 2022ರಲ್ಲಿ ಎತ್ತಿಹಾಕಿದರು. ಈಗ ಅದೇ ರೂಮಿಗೆ ಮಂಗಳವಾರ ಒಂದು ಬೆಲೆ, ಶನಿವಾರ ಇನ್ನೊಂದು. ಆದರೆ ಒಂದು ಆಕರ್ಷಣೆ ಉಳಿದಿದೆ: ಸತತ ಐದು ರಾತ್ರಿಯನ್ನು ಪಾಯಿಂಟ್ಸ್‌ನಲ್ಲೇ ತೆಗೆದುಕೊಂಡರೆ ಅದರಲ್ಲಿ ಎಲ್ಲಕ್ಕಿಂತ ಅಗ್ಗದ ರಾತ್ರಿ ಉಚಿತ. ವಿಯೆನ್ನಾದಂಥ ಊರಿಗೆ ಐದು ರಾತ್ರಿ ಹೇಗೂ ಬೇಕು, ಹಾಗಾಗಿ ಇದು ನಮಗೆ ಒದಗಿ ಬಂತು.

ಲೆಕ್ಕ ಸುಲಭವಾಗಲಿ ಅಂತ ಒಂದು ಅಂಕಿ ಹಿಡಿಯೋಣ. ಮ್ಯಾರಿಯಟ್ ರೂಮ್ ರಾತ್ರಿಗೆ 280 ಯೂರೋ, ಅಥವಾ 45,000 ಪಾಯಿಂಟ್ಸ್. ಅಂದರೆ ಸಾವಿರ ಪಾಯಿಂಟ್ಸ್‌ಗೆ ಸುಮಾರು 6.2 ಯೂರೋ ಸಿಕ್ಕಿತು. ಐದು ರಾತ್ರಿ ಉಳಿದು ನಾಲ್ಕಕ್ಕೆ ಕೊಟ್ಟರೆ 1,80,000 ಪಾಯಿಂಟ್ಸ್‌ಗೆ 1,400 ಯೂರೋದ ರೂಮ್. ಸಾವಿರಕ್ಕೆ 7.8 ಯೂರೋ. ಚೆನ್ನಾಗಿದೆ, ಅಲ್ವಾ? ಈಗ ನನ್ನ ಪ್ರಶ್ನೆ ಹಾಕಿ. ದುಡ್ಡು ಕೊಟ್ಟು ಹೋಗಿದ್ದರೆ ನಾವು 280ರ ರೂಮ್ ಹಿಡಿಯುತ್ತಲೇ ಇರಲಿಲ್ಲ, 160ರದ್ದನ್ನು ಹುಡುಕುತ್ತಿದ್ದೆವು. ಆಗ ಐದು ರಾತ್ರಿಗೆ ನಮ್ಮ ಜೇಬಿಗೆ ನಿಜವಾಗಿ ಉಳಿದದ್ದು 800 ಯೂರೋ. ಸಾವಿರಕ್ಕೆ 4.4. ಅದೇ 1,80,000 ಪಾಯಿಂಟ್ಸ್, ಅದೇ ಹಾಸಿಗೆ. ಬೆಲೆ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅಕೋರ್‌ನಲ್ಲಿ ಸಾವಿರಕ್ಕೆ 20 ಯೂರೋ ಅನ್ನುವುದು ಮಾತ್ರ ಅಲುಗಾಡುವುದಿಲ್ಲ.

ಹಾಗಂತ ಒಂದು ಅಕೋರ್ ಪಾಯಿಂಟ್ ಮೂರು ನಾಲ್ಕು ಮ್ಯಾರಿಯಟ್ ಪಾಯಿಂಟ್‌ಗೆ ಸಮ ಅಂತ ಹೇಳಿ ಸುಮ್ಮನಾಗುವ ಹಾಗಿಲ್ಲ. ನಮ್ಮಲ್ಲಿ ಹೆಚ್ಚಿನವರ ಪಾಯಿಂಟ್ಸ್ ಹೋಟೆಲಿನಲ್ಲಿ ಉಳಿದು ಬಂದದ್ದಲ್ಲ, ಕ್ರೆಡಿಟ್ ಕಾರ್ಡಿನಿಂದ ವರ್ಗಾಯಿಸಿದ್ದು. ಯಾವ ಬ್ಯಾಂಕು ಯಾವ ಕಡೆಗೆ ಎಷ್ಟಕ್ಕೆ ಎಷ್ಟು ಕೊಡುತ್ತದೆ ಅನ್ನುವುದರ ಮೇಲೆ ಇಡೀ ಆಟ ನಿಂತಿದೆ. ಆ ಅನುಪಾತವನ್ನು ಬ್ಯಾಂಕುಗಳು ಆಗಾಗ ಬದಲಿಸುತ್ತವೆ. ಒಮ್ಮೆ ಆ ಕಡೆ ಹೋದ ಪಾಯಿಂಟ್ಸ್ ವಾಪಸ್ ಬರುವುದಿಲ್ಲ. ಹಾಗಾಗಿ ರೂಮ್ ನೋಡಿಟ್ಟುಕೊಂಡು, ತಾರೀಕು ಗಟ್ಟಿಯಾದ ಮೇಲೆ ವರ್ಗಾವಣೆ. ಅಲ್ಲಿ ಕೂಡಿಟ್ಟರೆ ಇನ್ನೊಂದು ಕಾಟ: ಅಕೋರ್‌ನಲ್ಲಿ 365 ದಿನ ಖಾತೆಯಲ್ಲಿ ಚಲನೆ ಇಲ್ಲದಿದ್ದರೆ ಪಾಯಿಂಟ್ಸ್ ಹೋಯಿತು. ಮ್ಯಾರಿಯಟ್ 24 ತಿಂಗಳು ಕಾಯುತ್ತದೆ.

ರೂಮಿನ ವಿಷಯಕ್ಕೆ ಬರೋಣ. ಮೂರು ಜನರ ಕುಟುಂಬಕ್ಕೆ ನೊವೊಟೆಲ್ ಹೇಳಿ ಮಾಡಿಸಿದ್ದು. 16 ವರ್ಷದೊಳಗಿನ ಇಬ್ಬರು ಮಕ್ಕಳು ಅಪ್ಪ ಅಮ್ಮನ ರೂಮಿನಲ್ಲಿ ಉಚಿತ, ತಿಂಡಿಯೂ ಉಚಿತ. ಸೋಫಾ ಎಳೆದರೆ ಮಗಳ ಹಾಸಿಗೆ ರೆಡಿ. ಅವಳು ಬೆಳಿಗ್ಗೆ ಮೊಸರಿಗೆ ಹಣ್ಣು ಹಾಕಿಕೊಂಡು, ಬ್ರೆಡ್ಡಿಗೆ ಜೇನು ಸುರಿದುಕೊಂಡು, ಪಕ್ಕದ ಟೇಬಲ್ಲಿನ ಹುಡುಗ ವಾಫಲ್ ತಿನ್ನುವುದನ್ನು ನೋಡಿ ಮತ್ತೆ ಎದ್ದು ಹೋಗುವುದು. ಅದಕ್ಕೆಲ್ಲ ಬಿಲ್ ಇಲ್ಲ ಅನ್ನುವ ನೆಮ್ಮದಿಯೇ ಬೇರೆ. ಮ್ಯಾರಿಯಟ್‌ನಲ್ಲಿ ಪಾಯಿಂಟ್ಸ್ ಕೊಟ್ಟರೆ ರೂಮ್ ಮಾತ್ರ. ತಿಂಡಿ ಬೇಕಾದರೆ ಪ್ಲಾಟಿನಮ್ ಮಟ್ಟದ ಸದಸ್ಯತ್ವ ಬೇಕು, ಇಲ್ಲವೇ ದುಡ್ಡು. ಕಾರ್ಡಿನ ಜೊತೆ ಸಿಗುವ ಸಿಲ್ವರ್, ಗೋಲ್ಡ್‌ಗೆ ತಿಂಡಿ ಕೊಡುವುದಿಲ್ಲ. ನಾವು ಆಂಕರ್ ಬೇಕರಿಯಲ್ಲಿ ಬನ್ನು, ಕಾಫಿ ಮುಗಿಸಿಕೊಂಡು ಟ್ರಾಮ್ ಹತ್ತುತ್ತಿದ್ದೆವು. ಬೇಜಾರೇನೂ ಆಗಲಿಲ್ಲ.

ಜಾಗದಲ್ಲಿ ಮಾತ್ರ ಮ್ಯಾರಿಯಟ್ ಗೆದ್ದಿತು. ಎದುರಿಗೆ ಶ್ಟಾಟ್‌ಪಾರ್ಕ್, ಬಂಗಾರದ ಬಣ್ಣದ ಯೋಹಾನ್ ಸ್ಟ್ರಾಸ್ ಪ್ರತಿಮೆ ಇರುವ ಪಾರ್ಕು. ಸೇಂಟ್ ಸ್ಟೀಫನ್ ಚರ್ಚಿಗೆ ನಡೆದೇ ಹೋಗಬಹುದು. ಮಧ್ಯಾಹ್ನ ಮಗಳಿಗೆ ಸುಸ್ತಾದರೆ ರೂಮಿಗೆ ಬಂದು ಮಲಗಿಸಿ ಮತ್ತೆ ಹೊರಡಬಹುದು. ನೊವೊಟೆಲ್ ಇರುವುದು ರೈಲು ನಿಲ್ದಾಣದ ಬಗಲಲ್ಲಿ. ಅಲ್ಲಿಂದ ಯು1 ಮೆಟ್ರೋ ಹತ್ತಿದರೆ ಮೂರನೇ ನಿಲ್ದಾಣ ಸ್ಟೀಫನ್ಸ್‌ಪ್ಲಾಟ್ಜ್, ದೂರವೇನಲ್ಲ. ಸುತ್ತಮುತ್ತ ಮಾತ್ರ ಹೊಸ ಆಫೀಸು ಕಟ್ಟಡಗಳು. ಸಂಜೆ ಸುತ್ತಾಡಲು ಏನೂ ಇಲ್ಲ. ಆದರೆ ಬುಡಾಪೆಸ್ಟ್‌ಗೋ ಸಾಲ್ಜ್‌ಬರ್ಗ್‌ಗೋ ಬೆಳಿಗ್ಗೆ ಬೇಗ ರೈಲು ಹಿಡಿಯುವವರಿಗೆ ಇದಕ್ಕಿಂತ ಬೇರೆ ಜಾಗ ಬೇಡ. ಇನ್ನೊಂದು ಉಪಯೋಗ: ವಿಯೆನ್ನಾದಲ್ಲಿ ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ, ರೈಲು ನಿಲ್ದಾಣದೊಳಗಿನ ಸೂಪರ್‌ಮಾರ್ಕೆಟ್ ತೆರೆದಿರುತ್ತದೆ. ಮೊಸರು, ಬಾಳೆಹಣ್ಣು ಅಲ್ಲೇ. ನೀರಿನ ಬಾಟಲಿ ಕೊಳ್ಳಬೇಡಿ. ಆ ಊರಿನ ನಲ್ಲಿ ನೀರು ಆಲ್ಪ್ಸ್ ಬೆಟ್ಟಗಳ ಒರತೆಯಿಂದ ಬರುತ್ತದೆ, ಆ ಏರ್ಪಾಟು 1873ರಿಂದ ಇದೆ.

ವೀಸಾ ಬಗ್ಗೆ ಒಂದು ಮಾತು. ಷೆಂಗೆನ್ ಅರ್ಜಿಗೆ ಹೋಟೆಲ್ ಬುಕಿಂಗ್ ಕಾಗದ ಇಡಬೇಕಲ್ಲ, ಪಾಯಿಂಟ್ಸ್‌ನಲ್ಲಿ ಮಾಡಿದ ಬುಕಿಂಗ್ ಅಲ್ಲಿ ಆರಾಮವಾಗಿ ನಡೆಯುತ್ತದೆ. ಮ್ಯಾರಿಯಟ್ ಅವಾರ್ಡ್ ರೂಮನ್ನು ಸಾಮಾನ್ಯವಾಗಿ ಹೊರಡುವ ಕೆಲವು ದಿನ ಮೊದಲಿನವರೆಗೂ ರದ್ದು ಮಾಡಬಹುದು, ಪಾಯಿಂಟ್ಸ್ ವಾಪಸ್. ಅಕೋರ್‌ನಲ್ಲಿ ನೀವು ಆರಿಸಿದ ದರಕ್ಕೆ ಯಾವ ನಿಯಮವೋ ಪಾಯಿಂಟ್ಸ್‌ಗೂ ಅದೇ. ನಾಲ್ಕು ಕಾಸು ಕಡಿಮೆ ಅಂತ ರದ್ದು ಮಾಡಲಾಗದ ದರ ಹಿಡಿದು, ವೀಸಾ ತಡವಾದರೆ ಎಲ್ಲವೂ ನೀರಲ್ಲಿ ಹೋಮ. ಎರಡರಲ್ಲೂ ಖಾತೆದಾರರ ಹೆಸರು ಮಾತ್ರ ಕಾಗದದಲ್ಲಿ ಬರುವುದುಂಟು. ಜೊತೆಗೆ ಬರುವವರ ಹೆಸರನ್ನೂ ಸೇರಿಸಿಸಿ, ಆಮೇಲೆ ಪ್ರಿಂಟ್ ತೆಗೆಯಿರಿ.

ಇನ್ನು ಬ್ಯಾಂಕ್ ಪೋರ್ಟಲ್. ನೋಡಲು ಎಲ್ಲಕ್ಕಿಂತ ಸುಲಭ. ವರ್ಗಾವಣೆ ಇಲ್ಲ, ಸದಸ್ಯತ್ವ ಇಲ್ಲ, ಊರಿನ ಯಾವ ಹೋಟೆಲ್ ಬೇಕಾದರೂ ಸಿಗುತ್ತದೆ. ನಾವು ತಾರೀಕು ಒಂದು ದಿನ ಮುಂದೆ ಹಾಕಬೇಕಾಗಿ ಬಂದಾಗ ಅದರ ಕಷ್ಟ ಗೊತ್ತಾಯಿತು. ಹೋಟೆಲಿನವರು ‘ನೀವು ಎಲ್ಲಿ ಬುಕ್ ಮಾಡಿದಿರೋ ಅವರನ್ನೇ ಕೇಳಿ’ ಅಂದರು. ಪೋರ್ಟಲ್‌ನವರು ‘ಹೋಟೆಲ್ ಒಪ್ಪಿದರೆ ಮಾಡ್ತೀವಿ’ ಅಂದರು. ಇಬ್ಬರೂ ಮರ್ಯಾದೆಯಿಂದಲೇ ಮಾತಾಡಿದರು, ಕೆಲಸ ಆಗಲಿಲ್ಲ. ಇನ್ನೊಂದು, ಹೀಗೆ ಬುಕ್ ಮಾಡಿದ ರೂಮಿಗೆ ಸಾಮಾನ್ಯವಾಗಿ ಹೋಟೆಲಿನ ಪಾಯಿಂಟ್ಸೂ ಸಿಗುವುದಿಲ್ಲ, ಸದಸ್ಯತ್ವದ ಅನುಕೂಲವೂ ಇಲ್ಲ. ಯಾವ ಗುಂಪಿಗೂ ಸೇರದ ಸಣ್ಣ ಕುಟುಂಬ ಹೋಟೆಲ್, ಯೂರೋಪಿನಲ್ಲಿ ಅಂಥವು ಚೆನ್ನಾಗಿರುತ್ತವೆ, ಅದು ಬೇಕಿದ್ದರೆ ಮಾತ್ರ ಈ ದಾರಿ.

ಯಾವ ದಾರಿ ಹಿಡಿದರೂ ರಿಸೆಪ್ಷನ್‌ನಲ್ಲಿ ಸ್ವಲ್ಪ ದುಡ್ಡು ಬಿಚ್ಚಬೇಕಾಗಬಹುದು. ರೋಮ್‌ನ ನಾಲ್ಕು ಸ್ಟಾರ್ ಹೋಟೆಲಿನಲ್ಲಿ ಪ್ರವಾಸಿ ತೆರಿಗೆ ರಾತ್ರಿಗೆ ತಲೆಗೆ 7.50 ಯೂರೋ, ಪಾಯಿಂಟ್ಸ್‌ನಲ್ಲಿ ಬಂದವರೂ ಕೊಡಬೇಕು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2024ರಿಂದ ಅದು ರೂಮ್ ದರದ 12.5%. ಅಕೋರ್‌ನಲ್ಲಿ ಉಳಿದ ಬಾಕಿ ಕೊಡುವಾಗ ಕಾರ್ಡ್ ಮೆಷಿನ್ ಎರಡು ಅಂಕಿ ತೋರಿಸುತ್ತದೆ: ಒಂದು ಯೂರೋದಲ್ಲಿ, ಇನ್ನೊಂದು ರೂಪಾಯಿಯಲ್ಲಿ. ನಮ್ಮ ದುಡ್ಡು ಕಂಡ ಖುಷಿಗೆ ಬೆರಳು ರೂಪಾಯಿ ಕಡೆ ಹೋಗುತ್ತದೆ. ಯೂರೋ ಒತ್ತಿ. ರೂಪಾಯಿ ದರದಲ್ಲಿ ಮೆಷಿನ್‌ನವರ ಲಾಭ ಸೇರಿರುತ್ತದೆ. ಯೂರೋ ಒತ್ತಿದರೆ ನಿಮ್ಮ ಕಾರ್ಡಿನ ಫಾರೆಕ್ಸ್ (ವಿದೇಶಿ ಕರೆನ್ಸಿ) ಶುಲ್ಕ ಬೀಳುತ್ತದೆ, ಅದು 3.5% ಇದ್ದರೆ ಜಿಎಸ್‌ಟಿ ಸೇರಿ 4.13% ಆಗುತ್ತದೆ.

ಮುಂದಿನ ಸಲ ಕ್ರಿಸ್‌ಮಸ್ ಸಂತೆಯ ಸಮಯಕ್ಕೆ ಹೋಗಬೇಕು ಅಂತ ಮನೆಯಲ್ಲಿ ಒತ್ತಾಯ. ರಾಟ್‌ಹೌಸ್ (ನಗರಸಭೆ ಕಟ್ಟಡ) ಮುಂದೆ ಸಂತೆ ಕೂರುವ ಡಿಸೆಂಬರ್‌ನಲ್ಲಿ ಐಬಿಸ್ ದರವೂ ಮೇಲೇರುತ್ತದೆ. ಆಗ ಅಕೋರ್ ಪಾಯಿಂಟ್ಸ್ ಅಷ್ಟೇ ಜಾಸ್ತಿ ಸುರಿಯಬೇಕು. ಮ್ಯಾರಿಯಟ್‌ನಲ್ಲಿ ಪಾಯಿಂಟ್ಸ್ ಬೆಲೆ ಕೆಲವೊಮ್ಮೆ ನಗದು ದರದಷ್ಟು ಜಿಗಿಯುವುದಿಲ್ಲ, ಅದೂ ತುಂಬ ಮೊದಲೇ ಹುಡುಕಿದರೆ. ಆ ವಾರಕ್ಕೆ ನಾನು ಮ್ಯಾರಿಯಟ್ ಪಾಯಿಂಟ್ಸ್ ಎತ್ತಿಟ್ಟಿದ್ದೇನೆ. ಸೋಮವಾರದಿಂದ ಶನಿವಾರದವರೆಗೆ, ಐದು ರಾತ್ರಿ.