ಪೈನ್ ಪೆಲೆಟ್ ಲಿಟರ್: ಎರಡು ಮರಿಗಳ ಜೊತೆ 8 ತಿಂಗಳು

ಜೂನ್ ಮಳೆಯಲ್ಲಿ ನಮ್ಮ ಮನೆ ಮೆಟ್ಟಿಲ ಕೆಳಗೆ ಎರಡು ಬೆಕ್ಕಿನ ಮರಿಗಳು ಸಿಕ್ಕವು. ಮೂರು ವಾರದವು ಇರಬೇಕು. ತಾಯಿ ಬರಲೇ ಇಲ್ಲ. ಅಷ್ಟು ಎಳೆಯ ಮರಿಗಳಿಗೆ ತಾವಾಗಿ ಉಚ್ಚೆ, ಕಕ್ಕ ಮಾಡಲು ಬರುವುದಿಲ್ಲ, ತಾಯಿ ನೆಕ್ಕಬೇಕು. ಆ ಕೆಲಸ ನನ್ನದಾಯಿತು. ಪ್ರತಿ ಸಲ ಹಾಲು ಕುಡಿಸಿದ ಮೇಲೆ ಬೆಚ್ಚನೆ ನೀರಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸುತ್ತಿದ್ದೆ.

ನಾಲ್ಕು ವಾರ ದಾಟುತ್ತಿದ್ದಂತೆ ಮೂಲೆ ಕೆರೆಯಲು ಶುರು ಮಾಡಿದವು. ಆಗ ಈ ಪೆಲೆಟ್ ಲಿಟರ್ ತಂದೆ, ಅಂದರೆ ಬೆಕ್ಕು ಉಚ್ಚೆ, ಕಕ್ಕ ಮಾಡುವ ಟ್ರೇಯಲ್ಲಿ ಹರಡುವ, ಪೈನ್ ಮರದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಗಟ್ಟಿ ತುಂಡುಗಳು. ಟ್ರೇಗೆ ಹಾಕುವ ಇನ್ನೊಂದು ಬಗೆ, ಒದ್ದೆಯಾದರೆ ಗಟ್ಟಿಯಾಗಿ ಉಂಡೆ ಕಟ್ಟುವ ಬೆಂಟೊನೈಟ್ ಮಣ್ಣು ಬೇಡವೆಂದು ಮೊದಲೇ ನಿರ್ಧರಿಸಿದ್ದೆ. ಮರಿಗಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತವೆ, ಅಲ್ವಾ? ಆ ಮಣ್ಣು ನೀರು ಹೀರಿ ಉಬ್ಬುತ್ತದೆ, ಜಾಸ್ತಿ ನುಂಗಿದರೆ ಕರುಳು ಕಟ್ಟಿಕೊಳ್ಳಬಹುದು.

ಜೊತೆಗೆ ಕೊಂಡ ಟ್ರೇ ಮಾತ್ರ ಉಪಯೋಗಕ್ಕೆ ಬರಲಿಲ್ಲ. ಅಂಚು ಎತ್ತರ, ಮರಿಗಳಿಗೆ ಹತ್ತಲು ಆಗುತ್ತಿರಲಿಲ್ಲ. ಬೇಕರಿಯ ಸ್ವೀಟ್ ಬಾಕ್ಸಿನ ಮುಚ್ಚಳದಲ್ಲೇ ಪೆಲೆಟ್ ಹರಡಿ, ಒರೆಸಿದ ಹತ್ತಿಯನ್ನು ಅದರ ಮೇಲಿಟ್ಟೆ. ವಾಸನೆ ಹಿಡಿದೇ ಅವು ಜಾಗ ಗುರುತಿಸುತ್ತವೆ. ನಿದ್ದೆಯಿಂದ ಎದ್ದಾಗ, ಹೊಟ್ಟೆ ತುಂಬಿದಾಗ ಎತ್ತಿಕೊಂಡು ಹೋಗಿ ಅಲ್ಲಿ ಬಿಡುತ್ತಿದ್ದೆ. ಹೆಣ್ಣು ಮರಿ ನಾಲ್ಕೇ ದಿನದಲ್ಲಿ ಕಲಿತಳು.

ಗಂಡು ಮರಿಗೆ ಮಂಚದ ಕೆಳಗಿನ ಜಾಗವೇ ಇಷ್ಟ. ಅವನನ್ನು ಗದರಲಿಲ್ಲ, ಗದರಿದರೆ ಬಚ್ಚಿಟ್ಟುಕೊಂಡು ಮಾಡುತ್ತಾನೆ ಅಷ್ಟೆ. ಆದರೆ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುತ್ತಿದ್ದೆ. ಲಸಿಕೆಗೆ ಹೋದಾಗ ಡಾಕ್ಟರ್ ತಕ್ಷಣ ನಿಲ್ಲಿಸಲು ಹೇಳಿದರು. ಫೀನಾಲ್ ಇರುವ ಕ್ಲೀನರ್ ಬೆಕ್ಕಿಗೆ ವಿಷ, ಪಾದ ನೆಕ್ಕಿದರೂ ಒಳಗೆ ಹೋಗುತ್ತದೆ. ಇದು ಗೊತ್ತಿರಲಿಲ್ಲವಲ್ಲ ಎಂದು ಈಗಲೂ ಸಂಕಟವಾಗುತ್ತದೆ. ಎನ್ಜೈಮ್ ಕ್ಲೀನರ್‌ನಿಂದ ಹಳೆ ವಾಸನೆ ತೆಗೆದು, ಮಂಚದ ಹತ್ತಿರ ಇನ್ನೊಂದು ಟ್ರೇ ಇಟ್ಟ ಮೇಲೆ ಅವನೂ ದಾರಿಗೆ ಬಂದ.

ಪೆಲೆಟ್ ಬಗ್ಗೆ ಹೇಳುವುದಾದರೆ, ಉಚ್ಚೆ ವಾಸನೆಯನ್ನು ಚೆನ್ನಾಗಿ ತಡೆಯುತ್ತದೆ. ಒದ್ದೆಯಾದದ್ದು ಪುಡಿಯಾಗುತ್ತದೆ, ಜರಡಿ ಹಿಡಿದರೆ ಗಟ್ಟಿ ಪೆಲೆಟ್ ಮೇಲೆ ಉಳಿಯುತ್ತದೆ. ಈಗ 5 ಕಿಲೋ ಚೀಲ ಮೂರು ವಾರ ಬರುತ್ತಿದೆ. ಕಕ್ಕ ಮಾತ್ರ ಇದರಲ್ಲಿ ಸರಿಯಾಗಿ ಮುಚ್ಚಿಹೋಗುವುದಿಲ್ಲ, ಕೂಡಲೇ ತೆಗೆಯಬೇಕು. ಮಳೆಗಾಲದಲ್ಲಿ ಚೀಲದ ಬಾಯಿ ತೆರೆದಿಟ್ಟು ಅರ್ಧ ಚೀಲ ಹಾಗೇ ಪುಡಿಯಾಯಿತು, ಈಗ ಡಬ್ಬಿಗೆ ಸುರಿದು ಮುಚ್ಚಿಡುತ್ತೇನೆ. ಮರದ್ದೇ ತಾನೇ ಎಂದು ಬಳಸಿದ ಪುಡಿಯನ್ನು ತರಕಾರಿ ಗಿಡಕ್ಕೆ ಹಾಕಬೇಡಿ, ಬೆಕ್ಕಿನ ಕಕ್ಕದಿಂದ ಟೊಕ್ಸೊಪ್ಲಾಸ್ಮಾ ರೋಗಾಣು ಹರಡಬಹುದು.

ಐದಕ್ಕೆ ನಾಲ್ಕು ಸ್ಟಾರ್. ಎಳೆ ಪಾದಕ್ಕೆ ಪೆಲೆಟ್ ಚುಚ್ಚುತ್ತದೆ, ಅದಕ್ಕೇ ಒಂದು ಕಡಿಮೆ. ಮೊದಲ ವಾರ ಸ್ವಲ್ಪ ಪೆಲೆಟ್ಟನ್ನು ನೀರು ಚಿಮುಕಿಸಿ ಪುಡಿ ಮಾಡಿ, ಒಣಗಿಸಿ, ಮೇಲೆ ಹರಡಿ.